ಬಾವಿಕಟ್ಟೆಯ ಕೆಂಪು ಅರಿಶಿನ

“ಬುದ್ಧೀ, ಪಡುವಲ ಗೋಡ್ಯಾಗೆ ನೀರು ಒಸರ್ತಾ ಐತೆ!”

ಬಾವಿಯೊಳಗಿಂದ ದೊಡ್ಡತಿಮ್ಮಪ್ಪನ ದನಿ ಎರಡೆರಡು ಸಲ ಕೇಳಿಸಿತು, ಒಮ್ಮೆ ಅವನದು, ಇನ್ನೊಮ್ಮೆ ಬಾವಿಯದು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೂವತ್ತು ಅಡಿ ಇಳಿದಿದ್ದ ಮುದುಕ. ಸುತ್ತಲ ಹಳ್ಳಿಗಳಲ್ಲಿ ಬಾವಿ ತೋಡುವುದು ಅವನ ಕೆಲಸ. ಈ ಬಾವಿಯನ್ನು ತೋಡಿದ್ದು ಅವನ ಅಪ್ಪ.

ಕಟ್ಟೆಯ ಮೇಲೆ ಮೊಣಕೈಯೂರಿ ಬಗ್ಗಿದ್ದ ಪೊಲೀಸ್ ಜಮಾದಾರ್ ಪಂಚಾಕ್ಷರಪ್ಪನವರು ಮೂಗಿಗೆ ಏರಿಸಬೇಕಿದ್ದ ನಶ್ಯವನ್ನು ಬೆರಳ ತುದಿಯಲ್ಲೇ ನಿಲ್ಲಿಸಿದರು.

“ಬಾವಿಗೋಡ್ಯಾಗೆ ನೀರು ಒಸರದೆ ಮಜ್ಜಿಗೆ ಒಸರ್ತದೇನಪ್ಪ?”

“ಹಂಗಲ್ರಿ ಬುದ್ಧಿ. ಈ ಬಾವಿ ನೀರಿನ ಊಟೆ ಇರಾದು ತಳದಾಗೆ, ಮೂಡಲ ಬಂಡೆ ಸಂದ್ಯಾಗೆ. ನಮ್ಮಪ್ಪ ತೋರ್ಸಿದ್ದ. ಇದು ಅದಕ್ಕಿಂತ ಎರಡಾಳು ಮ್ಯಾಲೈತೆ. ಹೊಸದು. ಗರಸು ಮಣ್ಣಿನಾಗಿಂದ ಬತ್ತೈತೆ. ಮೂಸಿದ್ರೆ…” ಮಾತು ನಿಂತಿತು. ಸ್ವಲ್ಪ ಹೊತ್ತು ಉಗುಳುವ ಸದ್ದು ಮಾತ್ರ. “ಮೂಸಬಾರ್ದಿತ್ತು ಬುದ್ಧಿ.”

“ಇನ್ನೇನೈತೆ?”

“ಕಲ್ಲಿಗೆಲ್ಲ ಬೆಳ್ಳಗೆ ಹತ್ತೈತೆ. ಉಗುರಿನಾಗೆ ಕೆರೆದ್ರೆ ಪುಡಿ ಬೀಳ್ತೈತೆ. ಸುಣ್ಣ ಇದ್ದಂಗೈತೆ.”

ಕರೇಕಲ್ಲಹಟ್ಟಿಯಲ್ಲಿ ಆ ಹೊತ್ತಿಗೆ ವಾಂತಿಭೇದಿಗೆ ಮೂವರು ಹೋಗಿದ್ದರು, ಹನ್ನೊಂದು ಜನ ಚಾಪೆ ಹಿಡಿದಿದ್ದರು. ಬಾವಿಗೆ ಯಾರೋ ವಿಷ ಹಾಕಿದ್ದಾರೆಂಬ ಸುದ್ದಿ ಮಾಡದಕೆರೆ ದಾಟಿ, ಹೊಸದುರ್ಗ ದಾಟಿ, ಕೊನೆಗೆ ಪಂಚಾಕ್ಷರಪ್ಪನವರನ್ನು ಚಿತ್ರದುರ್ಗದಿಂದ ಗಾಡಿ ಹತ್ತಿಸಿತ್ತು. ನಿನ್ನೆ ಬಂದವರೇ ಅವರು ಮಾಡಿದ ಮೊದಲ ಕೆಲಸ, ಬಾವಿಯ ಸುತ್ತ ಜಾಲಿಮುಳ್ಳು ಹಾಕಿಸಿ, ಊರಿಗೆಲ್ಲ ತೋಪಿನ ಬಾವಿಯ ನೀರನ್ನು ಕಾಯಿಸಿ ಕುಡಿಯಿರೆಂದು ಸಾರಿಸಿದ್ದು. ಊರವರು ಮಾತ್ರ ಅವರು ಬರುವ ಮೊದಲೇ ಪತ್ತೆ ಮುಗಿಸಿ ಕೈ ತೊಳೆದುಕೊಂಡಿದ್ದರು. ತಪ್ಪು ಏಕಾಂತಮ್ಮನದು.

ಏಕಾಂತಮ್ಮ ಒಂದು ತಿಂಗಳ ಬಾಣಂತಿ. ಹೋದ ವಾರ ಸೋಮವಾರ ಹೊಸ ಬಿಂದಿಗೆ ಹಿಡಿದು ಗಂಗೆ ಪೂಜೆಗೆ ಬಂದಿದ್ದಳು. ಐದು ಬೆನಚುಗಲ್ಲು ಆರಿಸಿ ಕಟ್ಟೆಯ ಮೇಲಿಟ್ಟು, ಬಾವಿಯ ನೀರಿನಲ್ಲಿ ತೊಳೆದು, ಅರಿಶಿನ ಹಚ್ಚಿದಳು. ಹಚ್ಚಿದ ಅರಿಶಿನ ಐದು ಮುತ್ತೈದೆಯರ ಕಣ್ಣೆದುರೇ ರಕ್ತದ ಬಣ್ಣಕ್ಕೆ ತಿರುಗಿತು. ಬುಧವಾರ ಮೊದಲ ಮನೆಯಲ್ಲಿ ವಾಂತಿ ಶುರುವಾಯಿತು. ಮೈಲಿಗೆ ಕಳೆಯುವ ಮೊದಲೇ ಗಂಗವ್ವನನ್ನು ಮುಟ್ಟಿದ್ದಾಳೆ, ಗಂಗವ್ವ ಮುನಿದಿದ್ದಾಳೆ ಎಂದು ಊರು ತೀರ್ಮಾನಿಸಿತು. ನಾಳೆ ಬೆಳಗ್ಗೆ ಪಂಚಾಯ್ತಿಗೆ ಜನ ಕಟ್ಟೆ ಸೇರಿದರೆ ಅವಳು ಕೂಸನ್ನು ಎತ್ತಿಕೊಂಡು ಊರು ಬಿಡಬೇಕು.

ಬಿಟ್ಟು ಎಲ್ಲಿಗೆ ಹೋಗಬೇಕು? ತವರಿನಲ್ಲಿ ಹೆತ್ತವರಿಲ್ಲ. ಗಂಡ ಜಂಪಣ್ಣ ಹಿರಿಯೂರು ಕಡೆ ಮಾರಿಕಣಿವೆಯ ಅಣೆಕಟ್ಟೆ ಕೆಲಸಕ್ಕೆ ಹೋದವನು, ಕೂಸಿನ ಮುಖವನ್ನೂ ಕಂಡಿಲ್ಲ. ಇದನ್ನೆಲ್ಲ ಕೇಳಿದ ಪಂಚಾಕ್ಷರಪ್ಪನವರು ಬೆಳಗ್ಗೆಯೇ ದೊಡ್ಡತಿಮ್ಮಪ್ಪನನ್ನು ಹಗ್ಗ ಸಮೇತ ಕರೆಸಿದ್ದರು. ನೀರು ಮೈಲಿಗೆಯಾಗುವುದು ಬೇರೆ, ಕೊಳೆಯುವುದು ಬೇರೆ. ಮೊದಲನೆಯದಕ್ಕೆ ಹೊಣೆ ಹೊರಿಸಲು ಒಬ್ಬ ಬಡಪಾಯಿ ಸಿಕ್ಕರೆ ಸಾಕು, ಎರಡನೆಯದಕ್ಕೆ ಬಾವಿಗೇ ಇಳಿಯಬೇಕು.

ದೊಡ್ಡತಿಮ್ಮಪ್ಪ ಮೇಲೆ ಬಂದು, ಉಸಿರು ತಿರುಗಿಸಿಕೊಂಡು, ಕೆರೆದು ತಂದ ಬಿಳಿ ಪುಡಿಯನ್ನು ಅಂಗೈಯಲ್ಲಿ ತೋರಿಸಿದ. ಸುಣ್ಣವೇ.

“ಈ ಬಾವೀನ ಗಾರೆ ಹಾಕಿ ಕಟ್ಟ್ಯಾರೇನು?”

“ಎಲ್ಲಿ ಗಾರೆ ಬುದ್ಧಿ? ಬರೀ ಕಲ್ಲು ಜೋಡಿಸಿರಾದು.”

“ಹಂಗಾದ್ರೆ ಸುಣ್ಣ ಮ್ಯಾಲಿಂದ ಬಿದ್ದೈತೆ. ಆ ಹೊಸ ಒಸರು ಎಲ್ಲಿಂದ ಬತ್ತೈತೆ, ಹೇಳು.”

“ಪಡುವಲ ಕಡೆ ನೆಲ ಎತ್ತರ. ಮ್ಯಾಗಳ ಮಣ್ಣು ಎರಡು ಮೊಳ, ಅದ್ರ ಕೆಳಗೆ ಗರಸು. ಗರಸಿನಾಗೆ ನೀರು ಇಳಿದ್ರೆ ತಡೆಯೋದೇ ಇಲ್ಲ, ಜರಡಿ ಹಿಡಿದಂಗೆ. ಅಲ್ಲಿ ಯಾರಾನ ಗುಂಡಿ ತೋಡಿ ಮಳೆನೀರು ನಿಂತ್ರೆ ಇಲ್ಲಿಗೆ ಬಂದೇ ಬತ್ತೈತೆ.”

“ಪಡುವಲಕ್ಕೆ ಏನೈತೆ?”

ದೊಡ್ಡತಿಮ್ಮಪ್ಪ ಬಾಯಿ ತೆರೆಯುವಷ್ಟರಲ್ಲಿ ಹುಣಸೆಮರದ ನೆರಳಿನಿಂದ ಉತ್ತರ ಬಂತು. “ಅಲ್ಲೇನೂ ಇಲ್ರಿ ಜಮಾದಾರ್ರೇ. ಬರೀ ಕಲ್ಲುಬಯಲು.”

ಹೇಳಿದವರು ಪಟೇಲ್ ತಿಪ್ಪೇರುದ್ರಪ್ಪನವರು. ಕೈಯಲ್ಲಿ ಕೊಡೆ, ಭುಜದ ಮೇಲೆ ಮಡಿ ಶಲ್ಯ, ಮುಖದಲ್ಲಿ ಸದಾ ಊಟ ಮಾಡಿ ಎದ್ದವರ ತೃಪ್ತಿ. ಬೆಳಗ್ಗೆಯಿಂದ ಅವರಾಗಿ ಆಡಿದ ಮೊದಲ ಮಾತು ಇದು. ಪಂಚಾಕ್ಷರಪ್ಪನವರು ನಶ್ಯವನ್ನು ನಿಧಾನವಾಗಿ ಏರಿಸಿ, ಒಂದು ಸೀನು ಸೀನಿ, ಪಡುವಲಕ್ಕೆ ತಿರುಗಿ ನೋಡಿದರು. ಕಲ್ಲುಬಯಲು ಇತ್ತು ನಿಜ. ಅದಕ್ಕೂ ಮುಂಚೆ, ಬಾವಿಯಿಂದ ನಲವತ್ತು ಹೆಜ್ಜೆಗೆ, ಒಂದು ಮನೆಯೂ ಇತ್ತು.

“ಅದು ಯಾರ ಮನೆಯಪ್ಪ?”

“ದುರುಗಕ್ಕಂದು ಬುದ್ಧಿ,” ಎಂದ ದೊಡ್ಡತಿಮ್ಮಪ್ಪ. “ಏಕಾಂತಮ್ಮನ ಅತ್ತೆ.”

*

“ಬರ್ರಿ, ಕುಂತ್ಕಳ್ರಿ,” ಎಂದು ಏಕಾಂತಮ್ಮ ಜಗಲಿಗೆ ಚಾಪೆ ಹಾಕಿ, ಬಾಗಿಲ ಹಿಂದಕ್ಕೆ ಸರಿದು ನಿಂತಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡಿದ್ದಳು, ಹಣೆಯಲ್ಲಿ ಅಗಲ ಕುಂಕುಮ. ಒಳಗಿನಿಂದ ಬೆಳ್ಳುಳ್ಳಿ, ಸಾಂಬ್ರಾಣಿಯ ವಾಸನೆ ಬರುತ್ತಿತ್ತು.

“ಅವತ್ತು ಏನಾತು ತಾಯಿ? ಹೆದರಬ್ಯಾಡ, ಇದ್ದದ್ದು ಇದ್ದಂಗೆ ಹೇಳು.”

“ನಂದೇ ತಪ್ಪು ಸ್ವಾಮಿ.”

ಜಮಾದಾರಿಕೆಯ ಇಪ್ಪತ್ತಾರು ವರ್ಷದಲ್ಲಿ ಇಷ್ಟು ಬೇಗ ತಪ್ಪು ಒಪ್ಪಿಕೊಂಡವರನ್ನು ಪಂಚಾಕ್ಷರಪ್ಪನವರು ಕಂಡಿರಲಿಲ್ಲ. ಕಳ್ಳರಾರೂ ಹೀಗೆ ಒಪ್ಪುವುದಿಲ್ಲ.

“ಏನು ತಪ್ಪು?”

“ಪೂಜೆಗೆ ಹೋಗಬೇಕಾದ್ರೆ ಮನಸಿನಾಗೆ ಅವರನ್ನ ಬೈಕಂಡು ಹೋದೆ. ಮಗ ಹುಟ್ಟಿ ತಿಂಗಳಾದ್ರೂ ಬರಲಿಲ್ಲ, ಹೇಳಿ ಕಳಿಸ್ಲೂ ಇಲ್ಲ. ಅಂಥ ಗಂಡನ ಆಯುಸ್ಸಿಗೆ ನಾನ್ಯಾಕೆ ಬೇಡ್ಕಳ್ಳಿ ಅಂದ್ಕಂಡೆ. ಗಂಗವ್ವಂಗೆ ಕೇಳಿಸ್ತು. ನಾನು ಹೋಗ್ತೀನಿ ಸ್ವಾಮಿ. ಆದ್ರೆ ಅವರು ಬಂದಾಗ ನಾನು ಎಲ್ಲಿ ಹೋದೆ ಅಂತ ಅವರಿಗೆ ಹೇಳೋರು ಯಾರು?”

ಪಂಚಾಕ್ಷರಪ್ಪನವರು ಮಾತನ್ನು ಪೂಜೆಗೆ ತಿರುಗಿಸಿದರು. “ಅವತ್ತು ಹಚ್ಚಿದ ಅರಿಶಿನ ಉಳಿದೈತಾ?”

ಉಳಿದಿತ್ತು. ಅದೇ ಬಟ್ಟಲಿನಿಂದ ಚಿಟಿಕೆ ತೆಗೆದು, ಬಿಂದಿಗೆಯ ನೀರಿನಲ್ಲಿ ಕಲಸಿ, ಜಗಲಿಯ ಕಲ್ಲಿಗೆ ಅವರೇ ಬಳಿದರು. ಕಾದರು. ಹಳದಿ ಹಳದಿಯಾಗಿಯೇ ಉಳಿಯಿತು. ಹಾಗಾದರೆ ದೋಷ ಅರಿಶಿನದಲ್ಲಿಲ್ಲ. ಇದು ತೋಪಿನ ಬಾವಿಯ ನೀರು, ಅವತ್ತಿನದು ಪೂಜೆ ನಡೆದ ಬಾವಿಯ ನೀರು. ವ್ಯತ್ಯಾಸ ಅಲ್ಲೇ ಎಲ್ಲೋ ಇದೆ, ಆದರೆ ಕೈಗೆ ಸಿಗುತ್ತಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ದುರುಗಕ್ಕ ಬಂದಳು. ಒಣಕಲು ಮೈಯ, ಚುರುಕು ಕಣ್ಣಿನ ಮುದುಕಿ. ಜಗಲಿಯಲ್ಲಿ ಪೇಟ ಸುತ್ತಿದ ಪರಗಂಡಸು ಕೂತು ಕೂಸಿನ ಕಡೆ ನೋಡುತ್ತಿರುವುದನ್ನು ಕಂಡು, ಒಂದೂ ಮಾತಾಡದೆ ಒಳಗೆ ಹೋಗಿ ತಟ್ಟೆ ತಂದಳು. ನೀರು ಹಾಕಿದಳು, ಅರಿಶಿನ ಉದುರಿಸಿದಳು, ಎಲೆಯಡಿಕೆ ಚೀಲದಿಂದ ಉಗುರಿನಷ್ಟು ಸುಣ್ಣ ತೆಗೆದು ಕದಡಿದಳು. ನೀರು ಕೆಂಪಗಾಯಿತು. ಅದನ್ನು ಕೂಸಿಗೆ ಮೂರು ಸಲ ನಿವಾಳಿಸಿ ಅಂಗಳಕ್ಕೆ ಚೆಲ್ಲಿ, “ಯಾರ್ಯಾರ ಕಣ್ಣೋ,” ಎಂದು ಜಮಾದಾರರಿಗೆ ಕೇಳಿಸುವಂತೆಯೇ ಗೊಣಗಿದಳು.

ಪಂಚಾಕ್ಷರಪ್ಪನವರಿಗೆ ಸಿಟ್ಟು ಬರಲಿಲ್ಲ. ತಮ್ಮ ಮೇಲೆ ತಮಗೇ ನಗು ಬಂತು. ಈ ಸೀಮೆಯ ಪ್ರತಿ ಮನೆಯ ಹೆಂಗಸು ವಾರಕ್ಕೊಮ್ಮೆಯಾದರೂ ಮಾಡುವ ಕೆಲಸ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು. ತಟ್ಟೆಯಲ್ಲಾದರೆ ಅದು ಆರತಿ, ಬಾವಿಕಟ್ಟೆಯಲ್ಲಾದರೆ ಗಂಗವ್ವನ ಸಿಟ್ಟು! ಐದು ಮುತ್ತೈದೆಯರು ಕಣ್ಣಾರೆ ನೋಡಿದ್ದರು, ಒಬ್ಬಳಿಗೂ ಹೊಳೆದಿರಲಿಲ್ಲ. ಬಾವಿಯಲ್ಲಿ ಸುಣ್ಣವಿರಬಹುದೆಂದು ಯಾರಾದರೂ ಯಾಕೆ ನೆನೆಯುತ್ತಾರೆ?

ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಸುಣ್ಣ ವಿಷವಲ್ಲ. ಕೆಟ್ಟ ನೀರನ್ನು ಶುದ್ಧ ಮಾಡಲು ಹಾಕುವ ವಸ್ತು ಅದು. ಪೂಜೆ ನಡೆದದ್ದು ಸೋಮವಾರ, ಮೊದಲ ವಾಂತಿ ಬುಧವಾರ. ಊರಿಗೆ ರೋಗ ಬರುವ ಎರಡು ದಿನ ಮೊದಲೇ, ನೀರು ಕೆಟ್ಟಿದೆಯೆಂದು ಒಬ್ಬರಿಗೆ ಗೊತ್ತಿತ್ತು. ಗೊತ್ತಿದ್ದು ಬಾಯಿ ಬಿಡಲಿಲ್ಲ, ಸುಣ್ಣ ಹಾಕಿ ಸುಮ್ಮನಾದರು. ಸುಣ್ಣದ ಬಲ ಒಂದೆರಡು ದಿನದಲ್ಲಿ ಇಳಿಯಿತು. ಒಸರು ನಿಲ್ಲಲಿಲ್ಲ.

ಅವರು ಎದ್ದು ಬಾಣಂತಿಯ ಕೋಣೆಯತ್ತ ಕಣ್ಣು ಹಾಯಿಸಿದರು. ಒಂದು ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಎರಡನೆಯ ಗೋಡೆಯಲ್ಲಿ ಕುಂಚ ಅರ್ಧಕ್ಕೇ ನಿಂತಿತ್ತು. ಆಮೇಲೆ ದುರುಗಕ್ಕನ ಕೈ ನೋಡಿದರು. ಬೆರಳ ಸಂದಿಗಳಲ್ಲಿ ಚರ್ಮ ಬೆಂದು ಬಿರಿದಿತ್ತು. ಸುಡುಸುಣ್ಣವನ್ನು ಬರಿಗೈಯಲ್ಲಿ ಎತ್ತಿದವರ ಕೈ ಹಾಗಾಗುತ್ತದೆ.

“ದುರುಗಕ್ಕ, ಹಿತ್ಲು ಕಡೆ ಹೋಗಾಣ ಬಾರವ್ವ,” ಎಂದರು ಮೆಲ್ಲಗೆ. “ಎರಡು ಮಾತಾಡಾದೈತೆ.”

*

ಹಿತ್ತಲಲ್ಲಿ ಒಂದು ಹಗೇವು. ನೆಲದೊಳಗೆ ಗಡಿಗೆಯಂತೆ ತೋಡಿ ರಾಗಿ ತುಂಬಿಡುವ ಗುಂಡಿ, ಬಾಯಿಗೆ ಚಪ್ಪಡಿ ಕಲ್ಲು. ರಾಗಿಯಿರುವ ಹಗೇವಾದರೆ ಜನ ಮಳೆನೀರು ಹೋಗದಂತೆ ಸುತ್ತ ಬದು ಹಾಕಿ ಮಕ್ಕಳಂತೆ ಕಾಯುತ್ತಾರೆ. ಇದಕ್ಕೆ ಬದು ಇರಲಿಲ್ಲ. ಚಪ್ಪಡಿಯ ಸುತ್ತ ಮಣ್ಣು ಕುಸಿದು, ಪೂಜೆಗೆ ಎರಡು ದಿನ ಮುಂಚೆ ಶನಿವಾರ ಬಿದ್ದ ಚಿತ್ತಾ ಮಳೆಯ ನೀರು ಇಂಗಿದ ಗುರುತು ಉಳಿದಿತ್ತು. ಮೇಲೆ ಬೆರಣಿ ಒಟ್ಟಿತ್ತು.

“ಬಾವಿಗೆ ಸುಣ್ಣ ಹಾಕಿದ್ದು ನೀನೇ.”

ದುರುಗಕ್ಕ ಕೆಳಗೆ ಉರುಳಿದ್ದ ಒಂದು ಬೆರಣಿಯನ್ನು ಎತ್ತಿ ಒಟ್ಟಿನ ಮೇಲಿಟ್ಟಳು.

“ಭಾನುವಾರ ಹಾಕಿದೆ. ಸೋಮವಾರ ಸೊಸೆ ಪೂಜೆ ಮಾಡಿದ್ಲು. ನೀನು ಹಾಕಿದ ಸುಣ್ಣಕ್ಕೆ ಅವಳ ಅರಿಶಿನ ಕೆಂಪಾತು. ಊರೆಲ್ಲ ಅವಳನ್ನ ಬೈದ್ರೂ ನೀನು ಬಾಯಿ ಬಿಡ್ಲಿಲ್ಲ. ಯಾಕವ್ವ? ಈ ಹಗೇವಿನಾಗೆ ಏನೈತೆ?”

“ಮೆಲ್ಲಗೆ ಮಾತಾಡ್ರಿ.” ಅವಳ ಚುರುಕು ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಗಿ ಬಂತು. “ಅವಳು ಹಾಲು ಕುಡಿಸ್ತಾವಳೆ. ಅವಳಿಗೆ ಕೇಳಿಸಬಾರ್ದು.”

“ಏನು ಕೇಳಿಸಬಾರ್ದು?”

“ನನ್ನ ಮಗ ಅವ್ನೆ ಸ್ವಾಮಿ ಅದ್ರಾಗೆ.”

ಪಂಚಾಕ್ಷರಪ್ಪನವರು ಚಪ್ಪಡಿಯ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದರು. ದುರುಗಕ್ಕ ಅಳಲಿಲ್ಲ. ಬಹಳ ದಿನ ಹೊತ್ತ ಹೊರೆಯನ್ನು ಕೆಳಗಿಡುವವಳಂತೆ ಒಂದೊಂದೇ ಮಾತು ಹೇಳಿದಳು.

ಮಳೆಗೆ ಎರಡು ದಿನ ಮುಂಚೆ, ಗುರುವಾರ, ಬೆಳಕು ಹರಿಯುವ ಹೊತ್ತಿಗೆ ಪಟೇಲರ ಗಾಡಿ ಬಂತು. ಪಟೇಲರೇ ಹೊಡೆದುಕೊಂಡು ಬಂದಿದ್ದರು. ಒಳಗೆ ಕಂಬಳಿ ಸುತ್ತಿದ ಹೆಣ. ಜಂಪಣ್ಣ ಕಣಿವೆಯಿಂದ ಊರಿಗೆ ಬರುತ್ತ ದಾರಿಯಲ್ಲಿ ವಾಂತಿಭೇದಿಯಾಗಿ ತೀರಿಕೊಂಡನಂತೆ.

“ಸುಡುಗಾಡಿಗೆ ಯಾಕೆ ಒಯ್ಯಲಿಲ್ಲ?”

“ಊರಿಗೆ ತಿಳಿದ್ರೆ ಅಮಲ್ದಾರ್ರಿಗೆ ತಿಳೀತೈತೆ, ಮನೆ ಬಿಡಿಸಿ ಎಲ್ರನ್ನೂ ಬಯಲಾಗೆ ಜೋಪಡಿಗೆ ಹಾಕ್ತಾರೆ, ಹಸಿ ಬಾಣಂತಿ ಕೂಸು ಉಳೀತಾವಾ ಅಂದ್ರು ಪಟೇಲ್ರು. ಗಂಡ ಹೋದ ಅಂತ ಕೇಳಿದ್ರೆ ಬಾಣಂತಿ ಎದೆಹಾಲು ಬತ್ತೋಗ್ತೈತೆ. ಅದು ನನಗೂ ಗೊತ್ತು, ನಮ್ಮಕ್ಕಂಗೆ ಹಂಗೇ ಆಗಿತ್ತು, ಕೂಸು ಉಳೀಲಿಲ್ಲ. ಖಾಲಿ ಹಗೇವು ಐತಲ್ಲ, ಮೂರು ತಿಂಗಳು ಇಲ್ಲಿರಲಿ, ಕೂಸು ಗಟ್ಟಿಯಾಗಲಿ, ಆಮ್ಯಾಲೆ ಹೇಳಾಣ ಅಂದ್ರು. ಹೂಂ ಅಂದೆ.”

“ಶನಿವಾರ ಮಳೆ ಬಂತು.”

“ನೀರೆಲ್ಲ ಹಗೇವಿಗೆ ಇಳೀತು. ಬಾವಿ ಕೆಳಗೈತೆ. ಮನೆಗೆ ಬಳಿಯಾಕೆ ತಂದಿದ್ದ ಸುಣ್ಣ ಒಂದಿಷ್ಟು ಇದ್ರಾಗೆ, ಉಳಿದದ್ದು ಬಾವಿಗೆ ಹಾಕಿದೆ. ಸರಿಹೋಗ್ತೈತೆ ಅಂದ್ಕಂಡೆ. ಮೂರು ಜೀವ ತಿಂದೆ ಸ್ವಾಮಿ ನಾನು.”

ಒಂದು ಕೂಸಿನ ಹಾಲು ಉಳಿಸಲು ಹೊರಟವಳು ಊರಿನ ನೀರು ಕೆಡಿಸಿದ್ದಳು. ಮಗನನ್ನು ಮಣ್ಣು ಮಾಡಿದ ಮೇಲೂ ದಿನಾ ಬೆಳಗ್ಗೆ ಸೊಸೆಯ ಹಣೆಗೆ ತಾನೇ ಕುಂಕುಮ ಇಡುತ್ತಿದ್ದಳು. ಪಂಚಾಕ್ಷರಪ್ಪನವರಿಗೆ ಸಿಟ್ಟು ಬಂದದ್ದು ಬೇರೆಯವರ ಮೇಲೆ. ಸಾವು ನೋವನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕಾದ ಪಟೇಲರು, ಎಲ್ಲ ಗೊತ್ತಿದ್ದೂ ನಾಳೆ ಕಟ್ಟೆಯ ಮೇಲೆ ಕೂತು ಈ ಹುಡುಗಿಗೆ ತೀರ್ಪು ಹೇಳಲು ಸಿದ್ಧರಾಗಿದ್ದರು.

“ಇದನ್ನ ತೆಗೀಬೇಕು ದುರುಗಕ್ಕ. ತೆಗೀದೆ ಇದ್ರೆ ನೀರು ಶುದ್ಧ ಆಗಾದಿಲ್ಲ, ನಿನ್ನ ಸೊಸೆ ಊರಾಗೆ ಉಳಿಯಾದಿಲ್ಲ. ತೆಗೆದ್ರೆ ಅವಳಿಗೆ ತಿಳೀತೈತೆ.”

ಮುದುಕಿ ಅಡುಗೆಮನೆಯ ಬಾಗಿಲಿನತ್ತ ತಿರುಗಿದಳು. ಒಳಗೆ ಏಕಾಂತಮ್ಮ ಕೂಸಿಗೆ ಏನೋ ಹೇಳಿ ಆಡಿಸುತ್ತಿದ್ದಳು.

“ತೆಗೀರಿ,” ಎಂದಳು.

*

ದೊಡ್ಡತಿಮ್ಮಪ್ಪ ಹಾರೆ ತಂದ. ಬೆರಣಿ ಸರಿಸಿ, ಚಪ್ಪಡಿ ಮಗುಚಿ, ಮೂವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ನಿಂತರು. ಹಗೇವಿನ ಗಾಳಿಯನ್ನು ನಂಬುವ ಹಾಗಿಲ್ಲ. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ದೀಪ ಎರಡು ಸಲ ಆರಿತು. ಮೂರನೆಯ ಸಲ ನಿಂತು ಉರಿಯಿತು.

ಅಷ್ಟು ಹೊತ್ತಿಗೆ ಬೇಲಿಯ ಆಚೆ ಕೊಡೆ ಕಾಣಿಸಿತು. ಪಟೇಲರು ಒಳಗೆ ಬರಲಿಲ್ಲ, ಕೂಗಾಡಲೂ ಇಲ್ಲ.

“ಮುಚ್ಚಿಸ್ರಿ ಜಮಾದಾರ್ರೇ. ಜಾಡ್ಯ ಅಂಟ್ತೈತೆ.”

“ಅಂಟಿ ಆಗೈತೆ ಪಟೇಲ್ರೇ, ಹದಿನಾಲ್ಕು ಜನಕ್ಕೆ.” ಪಂಚಾಕ್ಷರಪ್ಪನವರು ತಿರುಗಿಯೂ ನೋಡಲಿಲ್ಲ. “ದೊಡ್ಡತಿಮ್ಮಪ್ಪ, ಕೊಕ್ಕೆಕೋಲು ಬಿಟ್ಟು ಕಂಬಳಿ ಸರಿಸಪ್ಪ. ಪಂಚನಾಮೆಗೆ ಮುಖ ನೋಡಬೇಕು.”

“ಮುಖ ನಾನೂ ನೋಡಲಿಲ್ಲ,” ಎಂದಳು ದುರುಗಕ್ಕ. “ನೋಡಿದ್ರೆ ರೋಗ ಕೂಸಿಗೆ ತಾಕ್ತೈತೆ ಅಂತ ಪಟೇಲ್ರು ಬಿಚ್ಚಗೊಡ್ಲಿಲ್ಲ. ಕಂಬಳಿ ಸಾಕಾತು ನಂಗೆ. ನನ್ನ ಕೈಯ್ಯಾರೆ ನೂಲು ತೆಗೆದ ಕಂಬಳಿ.”

ಪಂಚಾಕ್ಷರಪ್ಪನವರು ಥಟ್ಟನೆ ಅವಳತ್ತ ತಿರುಗಿದರು. “ನೋಡಲೇ ಇಲ್ವಾ?”

ಕೋಲಿನ ಕೊಕ್ಕೆಗೆ ಸಿಕ್ಕಿದ ಕಂಬಳಿ ಮೆಲ್ಲಗೆ ಸರಿಯಿತು. ಹನ್ನೆರಡು ದಿನ ಮತ್ತು ಸುಣ್ಣ ಸೇರಿ ಮುಖದಲ್ಲಿ ಗುರುತು ಹಿಡಿಯುವಂಥದ್ದನ್ನೇನೂ ಉಳಿಸಿರಲಿಲ್ಲ. ಎದೆಯ ಮೇಲೆ ಮಾತ್ರ ದೀಪದ ಬೆಳಕಿಗೆ ಏನೋ ಹೊಳೆಯಿತು. ದೊಡ್ಡತಿಮ್ಮಪ್ಪ ಕೊಕ್ಕೆಯಿಂದ ಅದನ್ನು ಬಿಡಿಸಿ ಮೇಲೆತ್ತಿದ. ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ. ಒಳಗೆ ಲಿಂಗವಿತ್ತು.

ಪಂಚಾಕ್ಷರಪ್ಪನವರ ಕೈ ತನ್ನಷ್ಟಕ್ಕೆ ತಾನೇ ಅಂಗಿಯ ಮೇಲಿಂದ ತಮ್ಮ ಕರಡಿಗೆಯನ್ನು ಮುಟ್ಟಿಕೊಂಡಿತು.

“ನಮ್ಮ ಮನ್ಯಾಗೆ ಲಿಂಗ ಕಟ್ಟೋರಿಲ್ಲ ಸ್ವಾಮಿ,” ಎಂದಳು ದುರುಗಕ್ಕ. ಮೊದಲು ಅವಳಿಗೇ ಅವಳ ಮಾತು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಇಷ್ಟು ದಿನ ಬಾರದಿದ್ದ ಅಳು ಈಗ ನುಗ್ಗಿ ಬಂತು, ಅದರೊಳಗೇ ನಗು. “ಇವನು ನನ್ನ ಮಗ ಅಲ್ಲ! ಯಮ್ಮಾ ಏಕಾಂತೀ, ಇವನು ನಮ್ಮ ಜಂಪಣ್ಣ ಅಲ್ಲ ಕಣೇ!”

ಕೂಸನ್ನೆತ್ತಿಕೊಂಡು ಏಕಾಂತಮ್ಮ ಹಿತ್ತಲ ಬಾಗಿಲಿಗೆ ಓಡಿ ಬಂದಳು.

“ಯಾಕತ್ತೆ? ಅವರಿಗೇನಾತು?”

ಪಟೇಲರು ಬೇಲಿಯಾಚೆ ಕೊಡೆಯನ್ನು ನಿಧಾನವಾಗಿ ಮಡಚಿದರು. ಅವರ ಮುಖದಲ್ಲಿ ಸಿಕ್ಕಿಬಿದ್ದವನ ಗಾಬರಿಯಿರಲಿಲ್ಲ.

“ಅವಳಿಗೆ ನೀವೇ ಹೇಳ್ರಿ ಜಮಾದಾರ್ರೇ,” ಎಂದರು. “ಕಂಬಳಿ ಜಂಪಣ್ಣಂದು, ಹೆಣ ಅವಂದಲ್ಲ, ಅವನ ಕೈಯಾಗೆ ಸತ್ತೋನ್ದು. ಇಷ್ಟು ದಿನ ನಾನು ಯಾರನ್ನ ಉಳಿಸಾಕೆ ನೋಡಿದೆ ಅಂತ ಈಗಾದ್ರೂ ತಿಳೀತಾ?”